ಪುಣೆಯಲ್ಲಿ ಉಳಿದ ಮೊಣಕಾಲು

ಪುಣೆಗೆ ಬಂದ ಮರುದಿನ ಬೆಳಿಗ್ಗೆ ಗಾಳಿ ಬರಲೆಂದು ಕಿಟಕಿ ತೆರೆದೆ. ಎದುರಿಗೆ ವೈದ್ಯಕೀಯ ಕಾಲೇಜು. ಅದರ ಕೆಳಗಿನ ಹಾಲ್‌ನಲ್ಲಿ ಬಿಳಿ ಕೋಟು ತೊಟ್ಟ ಹುಡುಗ ಹುಡುಗಿಯರು ಮೇಜಿನ ಮೇಲೆ ಮಲಗಿಸಿದ್ದ ಒಂದು ಹೆಣಕ್ಕೆ ಹೂವಿಟ್ಟು ಕೈಮುಗಿಯುತ್ತಿದ್ದರು. ನಾನು ಕಿಟಕಿ ಮುಚ್ಚಿ, ಹೋಗಿ ತಲೆಗೆ ನೀರು ಹಾಕಿಕೊಂಡೆ. ನಮ್ಮೂರಲ್ಲಿ ಸಾವಿಗೆ ಹೋಗಿ ಬಂದವರು ಸ್ನಾನ ಮಾಡದೆ ಹೊಸ್ತಿಲು ದಾಟುವುದಿಲ್ಲ. ಇಲ್ಲಿ ಅದೇ ಮಕ್ಕಳು ಸ್ವಲ್ಪ ಹೊತ್ತಿಗೆ ಗೇಟಿನ ಹತ್ತಿರ ನಿಂತು ನಗುತ್ತಾ ಪೋಹೆ ತಿನ್ನುತ್ತಿದ್ದರು. ಪೋಹೆ ಎಂದರೆ ನಮ್ಮ ಒಗ್ಗರಣೆ ಅವಲಕ್ಕಿ.

ನಮ್ಮನೆಯವರು ನನ್ನ ಒದ್ದೆ ತಲೆ ನೋಡಿ ನಕ್ಕರು. "ದಿನಾ ಹಿಂಗೆ ನೀರು ಹಾಕ್ಕಂಡ್ರೆ ಶೀತ ಆಯ್ತದೆ ಕಣೇ. ಈ ಮಕ್ಳಿಗೆ ಮೊದಲ್ನೇ ಮೇಷ್ಟ್ರು ಆ ಮೇಜಿನ ಮೇಲೆ ಮಲಗಿರೋರೇ."

ನಮ್ಮದು ಅಜ್ಜಂಪುರದ ಹತ್ತಿರ ಒಂದು ಹಳ್ಳಿ. ಕಡೂರು ಕಡೆಯ ಬೋರ್‌ವೆಲ್ ನೀರು ಕುಡಿದವರ ಕೀಲು ಯಾಕೆ ಬಿಗಿಯುತ್ತದೆ ಎಂದು ಸಂಶೋಧನೆ ಮಾಡಲು ಪುಣೆಯಿಂದ ಒಂದು ತಂಡ ಬಂದಿತ್ತು. ಅವರಿಗೆ ಮನೆಮನೆ ತೋರಿಸಲು ಇವರು ಜೊತೆಯಾದರು. ರಕ್ತ ಕೊಡಲು ಹೆದರುವವರ ಜಗಲಿಯ ಮೇಲೆ ಕೂತು, ಮಳೆ ಬೆಳೆ ಮಾತಾಡಿ, ಕೊನೆಗೆ ಕೈ ಚಾಚುವ ಹಾಗೆ ಮಾಡುತ್ತಿದ್ದರು. ಒಬ್ಬ ಅಜ್ಜಿ ಮಾತ್ರ ಕೇಳಿಯೇಬಿಟ್ಟಳಂತೆ: "ನಮ್ದೆಲ್ಲಾ ಚುಚ್ಚಿ ತಗಂಡ್ ಹೋಯ್ತೀಯ. ನೀನೇನ್ ಕೊಟ್ಯಪ್ಪಾ?" ಆ ಮಾತು ಇವರ ಜೊತೆ ಮನೆಗೆ ಬಂತು, ಆಮೇಲೆ ಪುಣೆಗೂ ಬಂತು. ತಂಡದ ಹಿರಿಯ ಡಾಕ್ಟರು, ಮೇಡಂ ಎಂದೇ ನಾವು ಕರೆಯುವವರು, ಇವರಿಗೆ ಕಾಲೇಜಿನಲ್ಲಿ ಅಟೆಂಡರ್ ಕೆಲಸ ಕೊಡಿಸಿದ್ದರು.

ಇಲ್ಲಿ ಮನೆಗೆ ಖೋಲಿ ಎನ್ನುತ್ತಾರೆ. ಖೋಲಿ ಎಂದರೆ ಒಂದೇ ಕೋಣೆ. ಅದರಲ್ಲೇ ಒಲೆ, ದೇವರು, ಹಾಸಿಗೆ. ಊರಲ್ಲಿ ಈರುಳ್ಳಿಯನ್ನು ಮೂಟೆಗಟ್ಟಲೆ ಅಟ್ಟದ ಮೇಲೆ ಹರಡುತ್ತಿದ್ದವಳು ಇಲ್ಲಿ ಅರ್ಧ ಕೆಜಿ ಕೊಳ್ಳಲು ಬೆರಳು ತೋರಿಸಬೇಕಾಯಿತು. ಅದಕ್ಕೆ ಕಾಂದಾ ಎನ್ನಬೇಕೆಂದು ಕಲಿತ ದಿನ, ಬೇಡದಿದ್ದರೂ ಇನ್ನೊಂದು ಅಂಗಡಿಗೆ ಹೋಗಿ ಮತ್ತೆ ಕೊಂಡು ಬಂದೆ. ರಾಗಿ ಹಿಟ್ಟು ಊರಿಂದಲೇ ಬರುತ್ತಿತ್ತು. ಮುದ್ದೆ ನುಂಗುವುದನ್ನು ಪಕ್ಕದ ಖೋಲಿಯ ಹೆಂಗಸು ಬಾಗಿಲಲ್ಲಿ ನಿಂತು ನೋಡಿ, ಅಗಿಯುವುದಿಲ್ಲವೇ ಎಂದು ಕೇಳಿದಳು. ಆಮೇಲೆ ಬಾಗಿಲು ಹಾಕಿಕೊಂಡೇ ಊಟ ಮಾಡಿದೆ. ಈಗ ನೆನೆದರೆ ಅದಕ್ಕೂ ನಾಚಿಕೆಯಾಗುತ್ತದೆ.

ಹೋದ ವರ್ಷ ಇವರು ಎದೆನೋವು ಬಂದು ತೀರಿಕೊಂಡರು. ದೇಹವನ್ನು ಕಾಲೇಜಿಗೆ ಕೊಡಬೇಕೆಂದು ಮೊದಲೇ ಬರೆದುಕೊಟ್ಟಿದ್ದರು. ನನಗೂ ಹೇಳಿದ್ದರು. ಭಾವ, ಎಂದರೆ ಇವರ ಅಣ್ಣ, ಊರಿಂದ ಫೋನ್ ಮಾಡಿ, ಮಣ್ಣು ಎಷ್ಟೊತ್ತಿಗೆ, ಗಾಡಿ ಮಾಡ್ಕೊಂಡು ಬರುತ್ತೇವೆ ಎಂದರು. ಮಣ್ಣು ಇಲ್ಲ ಎಂದು ನಾನೇ ಹೇಳಬೇಕಾಯಿತು. ಅದಕ್ಕೆ ಭಾವ, "ನೀನು ಪಕ್ಕದಲ್ಲೇ ಇದ್ದು ಸುಮ್ಕಿದ್ದಾ ತಾಯಿ?" ಎಂದರು.

ಮೂರನೆಯ ದಿನ ಸಮಾಧಿಗೆ ಹಾಲು ತುಪ್ಪ ಬಿಡುವುದು ನಮ್ಮ ಪದ್ಧತಿ. ಹಾಲು ಕಾಯಿಸಿ, ತುಪ್ಪ ಕರಗಿಸಿ ಇಟ್ಟುಕೊಂಡೆ. ಬಿಡುವುದೆಲ್ಲಿ? ಇವರಿದ್ದದ್ದು ಆ ಕಿಟಕಿಯ ಆಚೆ. ಅಲ್ಲಿಗೆ ಲೋಟ ಹಿಡಿದು ಹೋದರೆ ಓದಿದವರು ಏನೆಂದುಕೊಂಡಾರು ಎಂದು ನಾಚಿಕೆ. ಹೋಗದೆ ಕೂತರೆ ಊರಿನವರ ಮುಂದೆ ನಾಚಿಕೆ. ಸಂಜೆಗೆ ಹಾಲು ಒಡೆಯಿತು. ಹೊಸ ಮಕ್ಕಳು ಬಂದು ಹೂವಿಟ್ಟ ದಿನವೂ ನಾನು ಕಿಟಕಿ ತೆಗೆಯಲಿಲ್ಲ.

ಮಕ್ಕಳು ಇವರ ದೇಹ ನೋಡಿ ಓದುವುದು ಮುಗಿದ ಮೇಲೆ ಮೇಡಂ ಕರೆದರು. ದಹನ ಮಾಡಿ ಬೂದಿ ಕೊಡುತ್ತೇವೆ, ಒಂದು ಮೊಣಕಾಲನ್ನು ಮಾತ್ರ ಸಂಶೋಧನೆಗೆ ಇಟ್ಟುಕೊಳ್ಳಬಹುದೇ ಎಂದು ಕೇಳಿದರು. ಕೊನೆಕೊನೆಗೆ ಆ ಕಾಲು ಮಡಚುತ್ತಲೇ ಇರಲಿಲ್ಲ. ಇವರು ಅದನ್ನು ನೆಟ್ಟಗೆ ಚಾಚಿಕೊಂಡೇ ಊಟಕ್ಕೆ ಕೂರುತ್ತಿದ್ದರು. ಆಗಲಿ ಎಂದೆ. ಭಾವನಿಗೆ ಫೋನ್ ಮಾಡಿ, "ಕೊಡ್ತಾರಂತೆ ಭಾವ, ತತ್ತೀನಿ" ಎಂದಷ್ಟೇ ಹೇಳಿದೆ. ನಮ್ಮಲ್ಲಿ ಕೂರಿಸಿ ಹೂಳುತ್ತಾರೆ, ಸುಡುವುದಿಲ್ಲ. ಬೂದಿ ಎಂಬ ಮಾತು ಬಾಯಿಂದ ಹೊರಡಲಿಲ್ಲ.

ಕಡೂರಿನಲ್ಲಿ ರೈಲು ಇಳಿದು, ಬಸ್ಸು ಹತ್ತಿ, ಹೊಲಕ್ಕೇ ಹೋದೆ. ಮಾವನವರ ಸಮಾಧಿಯ ಪಕ್ಕದಲ್ಲಿ ಭಾವ ಗುಂಡಿ ತೋಡಿಸಿದ್ದರು. ಒಂದು ಆಳು ಕೂರುವಷ್ಟು, ಕೆಳಗೆ ಗೂಡು ಕೊರೆದು, ಸರಿಯಾದ ಗುಂಡಿ. ಬದುವಿನ ಮೇಲೆ ವಿಭೂತಿ ಗಟ್ಟಿಗಳು, ಬಿಲ್ವಪತ್ರೆ, ಹೊಸ ಪಂಚೆ. ನೆಂಟರೆಲ್ಲ ನನ್ನ ಹಿಂದೆ ಯಾವುದಾದರೂ ಗಾಡಿ ಬರುತ್ತದೆಯೇ ಎಂದು ರಸ್ತೆ ನೋಡುತ್ತಿದ್ದರು. ನಾನು ಬಟ್ಟೆಯ ಚೀಲದಿಂದ ಬೂದಿಯ ಕುಡಿಕೆ ತೆಗೆದೆ. ಅಂಥ ಗುಂಡಿಯ ಮುಂದೆ ಅದು ಮಕ್ಕಳ ಆಟದ ಸಾಮಾನಿನಂತೆ ಕಂಡಿತು. ನೆಲ ನನ್ನನ್ನು ನುಂಗಬಾರದೇ ಅನ್ನಿಸಿತು.

"ಇಷ್ಟೇನಾ?" ಎಂದರು ಭಾವ.

"ಇಷ್ಟೇ."

"ಪೂರ್ತಿ ಅವನೇನಾ?"

ಹೂಂ ಎಂದುಬಿಡಬಹುದಿತ್ತು. "ಇಲ್ಲ ಭಾವ. ಒಂದು ಮಂಡಿ ಅಲ್ಲೇ ಐತೆ. ನಮ್ ಕಡೆ ನೀರು ಏನ್ ಮಾಡ್ತದೆ ಅಂತ ನೋಡಕ್ಕೆ ಇಟ್ಕಂಡವ್ರೆ."

ದಾಯಾದಿಯೊಬ್ಬ ಹಿಂದಿನಿಂದ, "ಹಂಗಾರೆ ರುದ್ರಣ್ಣ ಕೈಲಾಸಕ್ಕೆ ಕುಂಟ್ಕಂಡೇ ಹೋಗ್ಬೇಕು ಬಿಡು" ಎಂದ.

ಭಾವ ತಿರುಗಿ ನೋಡಲಿಲ್ಲ. "ಬದುಕಿದ್ದಾಗ್ಲೂ ಕುಂಟ್ತಿದ್ದ ಕಣೋ. ನೀನೂ ಕುಂಟ್ತೀಯ. ಅದೇ ನೀರಲ್ವಾ ಕುಡಿಯೋದು."

ಅವರಿಗೂ ಮೊಣಕಾಲು ಬಾಗುವುದಿಲ್ಲ. ಇಬ್ಬರು ತೋಳು ಹಿಡಿದು ಅವರನ್ನು ಗುಂಡಿಗೆ ಇಳಿಸಿದರು. ಭಾವ ಕುಡಿಕೆಗೆ ಪಂಚೆ ಸುತ್ತಿ, ಗೂಡಿನಲ್ಲಿ ಇಟ್ಟು, ಒಬ್ಬ ಮನುಷ್ಯನಿಗೆ ಎಷ್ಟು ವಿಭೂತಿ ಇಡುತ್ತಾರೋ ಅಷ್ಟನ್ನೂ ಸುತ್ತ ಜೋಡಿಸಿದರು. ಮಣ್ಣು ಮುಚ್ಚಿದ ಮೇಲೆ ನನ್ನ ಕೈಯಿಂದ ಹಾಲು ತುಪ್ಪ ಬಿಡಿಸಿದರು. ಕೈ ತೊಳೆಯುವಾಗ ಮೆಲ್ಲಗೆ, "ಕೊನೆಗೆ ನೀನು ಈ ಮಣ್ಣಿಗೇ ಬತ್ತೀಯೋ, ಅಲ್ಲೇ ಉಳೀತೀಯೋ ಗಿರಿಜಾ?" ಎಂದು ಕೇಳಿದರು. ನಾನು ಅವರ ಕೈಗೆ ಇನ್ನಷ್ಟು ನೀರು ಹಾಕಿದೆ.

ಕಾಲೇಜಿನಲ್ಲಿ ಗಾಜಿನ ಸಾಮಾನು ತೊಳೆಯುವ ಕೆಲಸ ನನಗೆ ಕೊಟ್ಟಿದ್ದಾರೆ. ಅದಕ್ಕೆ ಪುಣೆಗೆ ಮರಳಿದೆ. ಆ ಮೊಣಕಾಲು ಇರುವ ಕಪಾಟಿನ ಮುಂದೆ ದಿನವೂ ಹಾದುಹೋಗುತ್ತೇನೆ. ಸೆರಗು ಸರಿಮಾಡಿಕೊಳ್ಳುತ್ತೇನೆ, ನಿಲ್ಲುವುದಿಲ್ಲ. ಈ ಸಲ ಹೊಸ ಮಕ್ಕಳು ಇನ್ಯಾರಿಗೋ ಹೂವಿಟ್ಟಾಗ ಕಿಟಕಿ ತೆರೆದು ನಿಂತಿದ್ದೆ. ಸ್ನಾನ ಮಾಡಲಿಲ್ಲ.

ಮೊನ್ನೆ ಭಾವ ಫೋನ್ ಮಾಡಿದ್ದರು. ಹೊಲಕ್ಕೆಲ್ಲ ಈರುಳ್ಳಿ ಹಾಕಿದ್ದಾರಂತೆ, ಇವರ ಸಮಾಧಿಯ ಪಕ್ಕದಲ್ಲಿ ಒಬ್ಬರ ಜಾಗ ಬಿಟ್ಟು. ಇಲ್ಲಿ ಮೇಡಂ ನನ್ನ ದೇಹದ ಬಗ್ಗೆ ಇನ್ನೂ ಏನೂ ಕೇಳಿಲ್ಲ.