ಕವಲುದಾರಿಯ ಬಾಣ

ನಾನು ನಿಂತಿದ್ದದ್ದು ಪಾಂಡವಪುರದ ಆಚೆಯ ಒಂದು ಕಲ್ಲುಗುಡ್ಡದ ಬುಡದಲ್ಲಿ, ಹುಣಸೆಮರದ ಕೆಳಗೆ. ಡಿಸೆಂಬರಿನ ಒಂದು ಶನಿವಾರ, ಸಂಜೆ ನಾಲ್ಕೂ ಇಪ್ಪತ್ತು. ಸಮಯ ನೆನಪಿರಲು ಕಾರಣವಿದೆ. ಆಗತಾನೇ ಹುಡುಗರನ್ನು ಎಣಿಸಿದ್ದೆ. ಹದಿನಾರು ಇರಬೇಕಿತ್ತು, ಹದಿನೈದೇ ಇದ್ದರು. ಮುಂದೆ ನಡೆದಂಥದ್ದನ್ನು ಬೇರೆಯವರು ಹೇಳಿದಾಗ ನಾನು ನಕ್ಕವನು. ನೀವೂ ನಕ್ಕರೆ ನನಗೆ ಬೇಸರವಿಲ್ಲ.

ಆಗ ನಾನು ಶಾಲೆಯ ಸ್ಕೌಟ್ ಮಾಸ್ಟರ್. ಚಾರಣದಲ್ಲಿ ನಮಗೊಂದು ಕ್ರಮವಿತ್ತು. ಮುಂದೆ ಹೋಗುವವರು ಕವಲುದಾರಿಯಲ್ಲಿ ಕಲ್ಲು ಜೋಡಿಸಿ ಬಾಣದ ಗುರುತು ಇಡಬೇಕು. ಕೊನೆಯಲ್ಲಿ ಬರುವವನು ಅದನ್ನು ಕೆಡಿಸಬೇಕು, ಇಲ್ಲದಿದ್ದರೆ ಮತ್ತೊಂದು ತಂಡ ದಾರಿ ತಪ್ಪೀತು. ಅಂದು ಕೊನೆಯಲ್ಲಿದ್ದವನು ಅಕ್ಕಿಹೆಬ್ಬಾಳಿನ ಕಿರಣ. ಕಾಣೆಯಾದವನು ಅರಕೆರೆಯ ಶಶಿ; ತಂಡ ಸೇರಿ ಎರಡು ವಾರವಾಗಿತ್ತಷ್ಟೆ.

"ಎಲ್ಲೋ ಅವ್ನು?" ಎಂದು ಕಿರಣನನ್ನು ಕೇಳಿದೆ.

"ಮುಂದೆ ಓದ ಅಂದ್ಕಂಡೆ ಸಾ. ಬಂಡೆ ಮರೇಲಿ ಒಂದಕ್ಕೆ ಓಗಿದ್ನೇನೋ. ನಾನು ಬಾಣ ಒದ್ಬುಟ್ಟು ಬಂದ್ಬುಟ್ಟೆ."

ನಾವು ಹಿಡಿದ ಬಲದಾರಿ ಹಳೆಯ ಕ್ವಾರಿಯ ಅಂಚಿನಲ್ಲೇ ಹಾಯುತ್ತದೆ. ಅಲ್ಲಿ ಒಬ್ಬೊಬ್ಬರನ್ನೂ ಕೈಹಿಡಿದು ದಾಟಿಸಿದ್ದೆ, ಎಣಿಸಿರಲಿಲ್ಲ. ಆ ತಪ್ಪು ನನ್ನದು.

ಉಳಿದವರನ್ನು ದೊಡ್ಡ ಹುಡುಗರಿಗೆ ಒಪ್ಪಿಸಿ, ಕಿರಣನೊಂದಿಗೆ ಮತ್ತೆ ಹತ್ತಿದೆ. ಕ್ವಾರಿಯ ಆಳಕ್ಕೆ ಇಣುಕಿ ಸೀಟಿ ಊದಿದೆ. ಉತ್ತರ ಬರಲಿಲ್ಲ. ಕವಲು ತಲುಪಿದರೆ ಅಲ್ಲೊಂದು ಬಾಣವಿತ್ತು. ಎಡಕ್ಕೆ ತೋರಿಸುತ್ತಿತ್ತು.

"ನಮ್ದು ಬಲಕ್ಕಿತ್ತು ಸಾ! ನಮ್ಮವ್ವನಾಣೆ, ಇದ್ನ ನಾನಿಟ್ಟಿಲ್ಲ," ಎಂದ ಕಿರಣ. ಅವನು ಒದ್ದ ಕಲ್ಲುಗಳು ಪಕ್ಕದಲ್ಲಿ ಚೆದುರಿಕೊಂಡೇ ಇದ್ದವು. ಬಾಣದ ಒಂದು ಕಲ್ಲನ್ನೆತ್ತಿದೆ. ಅಡಿಯ ಗರಿಕೆ ಬಿಸಿಲು ಕಾಣದೆ ಬೆಳ್ಳಗಾಗಿತ್ತು, ಎಷ್ಟೋ ವಾರ ಕಲ್ಲಡಿ ಇದ್ದಂತೆ. ಒಂದು ಗಂಟೆಯ ಹಿಂದೆ ನಾನು ಅದೇ ಜಾಗದಲ್ಲಿ ನಿಂತು ನೀರು ಕುಡಿದಿದ್ದೆ. ಆಗ ಅಲ್ಲಿ ಕಲ್ಲಿರಲಿಲ್ಲ.

ಎಡದಾರಿಯಲ್ಲಿ ಇಳಿದೆವು. ಸ್ವಲ್ಪ ಕೆಳಗೆ ಶಶಿ ಕಡಲೆಕಾಯಿ ಸುಲಿಯುತ್ತ ಕೂತಿದ್ದ. ಅವನೆದುರು ಕಲ್ಲುಗಳ ವೃತ್ತ, ನಡುವೆ ಒಂದು ಕಲ್ಲು. 'ನಾನು ಮನೆಗೆ ಹೋಗಿದ್ದೇನೆ' ಎನ್ನುವುದಕ್ಕೆ ಸ್ಕೌಟರು ಇಡುವ ಗುರುತು ಅದು. ಶಶಿಗೆ ಅದನ್ನು ನಾನಿನ್ನೂ ಕಲಿಸಿರಲಿಲ್ಲ.

"ಲೇ, ಆಟ ಆಡ್ತೀಯೇನ್ಲಾ? ನಮ್ ಜೀವ ಬಾಯಿಗ್ ಬಂದಿತ್ತು!" ಕಿರಣ ರೇಗಿದ.

"ನೀನೇ ತಾನೆ ಬಾಣ ಇಟ್ಟಿದ್ದು? ಅದ್ನ ನೋಡ್ಕಂಡೇ ಬಂದೆ ಕಣ್ಲಾ. ಈ ಕಲ್ ಸುತ್ತು ಇಲ್ಲೇ ಇತ್ತು, ಮುಂದಕ್ಕೆ ಬಾಣ ಇರ್ನಿಲ್ಲ, ಕೂತ್ಕಂಡೆ."

ಮೊದಲು ಕಿರಣನನ್ನು ಅನುಮಾನಿಸಿದೆ, ಆಮೇಲೆ ಶಶಿಯನ್ನು. ಕುರಿ ಕಾಯುವವರು ಯಾರಾದರೂ ಇಟ್ಟರೇನೋ ಎಂದು ಮರುವಾರ ಹೋಗಿ ವಿಚಾರಿಸಿದೆ. ಆ ಕಡೆ ಯಾರೂ ಹೋಗಿರಲಿಲ್ಲ. ಇಂದಿಗೂ ಕಿರಣ, ಶಶಿ ಒಬ್ಬರನ್ನೊಬ್ಬರು ನಂಬುವುದಿಲ್ಲ. ಯಾರು ಇಟ್ಟಿದ್ದರೂ ಗರಿಕೆ ಒಂದು ಗಂಟೆಯಲ್ಲಿ ಬೆಳ್ಳಗಾದದ್ದು ಹೇಗೆಂದು ನಾನು ಕೇಳಿದರೆ ಇಬ್ಬರೂ ಮತ್ತೆ ಒಬ್ಬರ ಮೇಲೊಬ್ಬರು ಬೊಟ್ಟು ಮಾಡುತ್ತಾರೆ.

ಆ ಬಾಣವನ್ನು ಕಂಡವರು ಮೂವರೇ. ನಾನಿದ್ದೇನೆ. ಕಿರಣ ಕೆ.ಆರ್. ಪೇಟೆಯಲ್ಲಿ ಹಾಲಿನ ಡೈರಿಯಲ್ಲಿದ್ದಾನೆ. ಅಂದು ಬಲದಾರಿ ಹಿಡಿದಿದ್ದರೆ ಶಶಿ ಆ ಕ್ವಾರಿಯ ಅಂಚನ್ನು ಒಬ್ಬನೇ ದಾಟಬೇಕಿತ್ತು. ಕೆ.ಆರ್.ಎಸ್.ನ ಹೋಟೆಲೊಂದರಲ್ಲಿ ಅವನೂ ಇದ್ದಾನೆ, ಬದುಕಿದ್ದಾನೆ.