ಒಂದೇ ಸೀಟಿ

ಇಪ್ಪತ್ತು ವರ್ಷದಿಂದ ಬಸ್ ಓಡಿಸುತ್ತಿದ್ದರೂ ಟಿವಿಯೊಳಗಿನ ಕಾರು ನನ್ನ ಮಾತು ಕೇಳುತ್ತಿರಲಿಲ್ಲ. ಸಿಂಧನೂರಿನ ವಿಡಿಯೋ ಗೇಮ್ ಅಂಗಡಿಯಲ್ಲಿ ಖಾಕಿ ತೊಟ್ಟೇ ವಾರವಿಡೀ ಸೋತಿದ್ದೆ. ಅವತ್ತು ಎದುರಾಳಿಯಾಗಿ ಪಕ್ಕದಲ್ಲಿ ಕೂತವನು ಗುರುತಿಲ್ಲದ ನಡುವಯಸ್ಸಿನವ.

"ಡ್ರೈವರ್ ಸಾಹೇಬ್ರ, ಈ ಸಲಾನೂ ಸೋತ್ರ ಲೈಸೆನ್ಸ್ ವಾಪಸ್ ಕೊಟ್ಟುಬಿಡ್ರಿ," ಅಂದ. ಸುತ್ತ ನಿಂತವರು ನಕ್ಕರು. ನನಗೆ ಮೈಯೆಲ್ಲ ಉರಿಯಿತು.

ಕೊನೆಯ ಸುತ್ತಿನಲ್ಲಿ ನನ್ನ ಕಾರೇ ಮುಂದಿತ್ತು. ವೇಗದ ಗುಂಡಿಯನ್ನು ಒತ್ತಿಯೇ ಹಿಡಿದಿದ್ದೆ. ಗೆಲ್ಲುವ ಗೆರೆ ಕಣ್ಣೆದುರಿಗೇ ಬಂತು. ಅಷ್ಟರಲ್ಲಿ ಅವನು ಬಾಯಲ್ಲೇ ಒಂದು ಸೀಟಿ ಹೊಡೆದ. ನನ್ನ ಬಲಗಾಲು ಬ್ರೇಕೆಂದು ನೆಲವನ್ನು ಒತ್ತಿತು, ಬೆರಳು ವೇಗದ ಗುಂಡಿಯನ್ನು ತಾನಾಗೇ ಬಿಟ್ಟಿತು. ಕಾರು ನಿಂತೇ ಹೋಯಿತು. ಅವನದು ಗೆರೆ ದಾಟಿತು.

"ಯಾರ್ರೀ ನೀವು?"

"ಮಸ್ಕಿ ರೂಟಿಗೆ ಹೊಸದಾಗಿ ಬಂದ ಕಂಡಕ್ಟರ್ ಅದೀನ್ರೀ."

ಒಂದು ಸೀಟಿಗೆ ನಾನು ನಿಲ್ಲಿಸಿದ್ದೆ. 'ರೈಟ್' ಅನ್ನೋ ಎರಡು ಸೀಟಿಯನ್ನು ಮಾತ್ರ ಆ ಪುಣ್ಯಾತ್ಮ ಹೊಡೆಯಲೇ ಇಲ್ಲ.