ಬೇಲಿ ಮೇಡಂ ಮತ್ತು ಖಾಲಿ ಕೂತ ಪ್ರೊಸೆಸರ್‌ಗಳು

ನಮ್ಮ ಆಸ್ಪತ್ರೆಯ ಸರ್ವರ್ ನೋಡಿಕೊಳ್ಳುವವರಿಗೆ ಬೇಲಿ ಮೇಡಂ ಎಂದು ಹೆಸರಿಟ್ಟವನು ನಾನೇ. ಪ್ರಿಂಟರ್ ರಿಪೇರಿಯವನಿಗೆ ಬೇರೇನು ಕೆಲಸ! ಒಂದೇ ಕೋಣೆಯಲ್ಲಿ ಬೆನ್ನಿಗೆ ಬೆನ್ನು ಹಾಕಿ ಕೂರುತ್ತೇವೆ. ಅವರಷ್ಟು ಹೆದರುವ ಜೀವವನ್ನು ನಾನು ಕಂಡಿಲ್ಲ. ಬೀಗ ಹಾಕಿ ಜಗ್ಗಿ ನೋಡುತ್ತಾರೆ. ಮೆಟ್ಟಿಲಿಳಿದವರು ಮತ್ತೆ ಹತ್ತಿ ಬಂದು ಇನ್ನೊಮ್ಮೆ ಜಗ್ಗುತ್ತಾರೆ. ಫೋನ್ ಬಡಿದುಕೊಂಡರೆ ಎತ್ತುವ ಮೊದಲೇ ಮುಖ ಬಿಳಿಚಿಕೊಳ್ಳುತ್ತದೆ.

ಅವರ ಹೆದರಿಕೆಗಳಿಗೆಲ್ಲ ದೊಡ್ಡಣ್ಣ ಎಂದರೆ ಲೈಸೆನ್ಸ್. ಲ್ಯಾಬಿನ ರಿಪೋರ್ಟುಗಳನ್ನು ಕೊಡುವ ಸಾಫ್ಟ್‌ವೇರನ್ನು ಅದರ ಕಂಪನಿ ಪ್ರೊಸೆಸರ್ ಲೆಕ್ಕದಲ್ಲಿ ಮಾರುತ್ತದೆ; ಎಷ್ಟು ಪ್ರೊಸೆಸರ್‌ಗಳಲ್ಲಿ ಓಡಿಸುತ್ತೇವೋ ಅಷ್ಟಕ್ಕೆ ದುಡ್ಡು. ನಾವು ಕೊಂಡದ್ದು ನಾಲ್ಕಕ್ಕೆ. ಸರ್ವರಿನಲ್ಲಿರುವುದು ಅದಕ್ಕಿಂತ ಬಹಳ ಹೆಚ್ಚು. ಬಾಡಿಗೆಗೆ ಹಿಡಿದ ಕೋಣೆ ಬಿಟ್ಟು ಪಕ್ಕದ ಕೋಣೆಗೆ ಕಾಲಿಟ್ಟರೆ ಮನೆಯೊಡೆಯ ಸುಮ್ಮನಿರುತ್ತಾನೆಯೇ? ಹಾಗಾಗಿ ಮೇಡಂ ಆ ಸಾಫ್ಟ್‌ವೇರನ್ನು ಪರದೆಯಲ್ಲಿ ಕಾಣುವ ಮೊದಲ ನಾಲ್ಕು ಪ್ರೊಸೆಸರ್‌ಗಳಿಗೆ ಕಟ್ಟಿಹಾಕಿ, ಉಳಿದವನ್ನು ಮುಟ್ಟದಂತೆ ಬೇಲಿ ಹಾಕಿದ್ದರು. ಬೆಳಗ್ಗೆ ಬಂದರೆ ಹೆಗಲ ಚೀಲ ಇಳಿಸುವ ಮೊದಲು ಬೇಲಿ ಭದ್ರವಾಗಿದೆಯೇ ಎಂದು ನೋಡುವರು. ರಿಪೋರ್ಟ್ ನಿಧಾನವೆಂದು ಲ್ಯಾಬಿನವರು ಬಂದು ಕೂಗಾಡಿದರೆ, "ಲೈಸೆನ್ಸ್ ಇರೋದೇ ಅಷ್ಟಕ್ಕೆ. ನನ್ನ ಕೆಲ್ಸಕ್ಕೆ ಕುತ್ತು ತರ್ಬೇಡಿ" ಎಂದು ಗೋಗರೆಯುವರು. ಲ್ಯಾಬಿನ ಹೊರಗಿನ ಬೆಂಚುಗಳಲ್ಲಿ ಜನ ಕಾಯುತ್ತಲೇ ಇರುತ್ತಿದ್ದರು. ನೋಡಿ ನೋಡಿ ನಮಗೂ ಅಭ್ಯಾಸವಾಗಿಹೋಗಿತ್ತು.

ಲೈಸೆನ್ಸ್ ತಪಾಸಣೆಗೆಂದು ಕಂಪನಿಯ ಹಿರಿಯರೊಬ್ಬರು ಬಂದ ಬೆಳಗ್ಗೆಯೇ ಮೇಡಂ ತಂಗಿಗೆ ಮೇಲಿನ ಮಹಡಿಯಲ್ಲಿ ಹೆರಿಗೆಯಾಯಿತು. ಮಗು ಚೆನ್ನಾಗಿತ್ತು. ತಾಯಿಯ ರಕ್ತಸ್ರಾವ ಮಾತ್ರ ನಿಲ್ಲಲಿಲ್ಲ.

ಫೋನ್ ಮಾಡಿದ್ದು ತಂಗಿಯ ಗಂಡ. ಅವನ ದನಿ ನನಗೂ ಕೇಳಿಸುತ್ತಿತ್ತು. "ಅಕ್ಕಾ, ರಕ್ತ ಹೆಪ್ಪುಗಟ್ಟುತ್ತೋ ಇಲ್ವೋ ಅನ್ನೋ ರಿಪೋರ್ಟ್ ಬರ್ಬೇಕಂತೆ. ಅದು ನೋಡ್ದೆ ಆಪರೇಷನ್‌ಗೆ ಕೈ ಹಾಕಲ್ಲ ಅಂತಿದ್ದಾರೆ. ಲ್ಯಾಬಲ್ಲಿ ಕೇಳಿದ್ರೆ ಕಂಪ್ಯೂಟರ್ ಸುತ್ತುತ್ತಾನೇ ಇದೆ ಅಂತಾರೆ!"

ಮೇಡಂ ಪರದೆ ನೋಡಿದರು. ನಾನೂ ತಿರುಗಿ ನೋಡಿದೆ. ನಾಲ್ಕು ಪ್ರೊಸೆಸರ್‌ಗಳ ಕೆಲಸದ ಹೊರೆ ತೋರಿಸುವ ಗೀಟು ನೆತ್ತಿಗೇರಿತ್ತು, ಅವುಗಳ ಮುಂದೆ ರಿಪೋರ್ಟುಗಳು ಸಾಲುಗಟ್ಟಿದ್ದವು. ಉಳಿದ ಪ್ರೊಸೆಸರ್‌ಗಳು ಹಾಯಾಗಿ ಮಲಗಿದ್ದವು. ಮೇಡಂ ಪಕ್ಕದ ಕುರ್ಚಿಯಲ್ಲೇ ತಪಾಸಣೆಯವರು ಲ್ಯಾಪ್‌ಟಾಪ್ ಬಿಚ್ಚಿಕೊಂಡು ಕೂತಿದ್ದರು. ಬೇಲಿ ಸರಿಸಿದರೆ ಅವರಿಗೆ ಕಾಣದೆ ಹೋಗುವುದಿಲ್ಲ.

"ತೆಗೀರಿ ಮೇಡಂ" ಎನ್ನಬೇಕೆಂದುಕೊಂಡೆ. ಬಾಯಿ ಬರಲಿಲ್ಲ. ನನಗೂ ನೌಕರಿ ಬೇಕಲ್ಲ. ಮೇಡಂ ಕೀಲಿಮಣೆಗೆ ಕೈ ಹಾಕಿದರು. ಒತ್ತಿದ್ದನ್ನು ಅಳಿಸಿ ಮತ್ತೆ ಒತ್ತಿದರು. ಅಷ್ಟಾದರೂ ಬೇಲಿಯನ್ನು ಪೂರ್ತಿ ಕಿತ್ತೊಗೆಯುವ ಧೈರ್ಯ ಬರಲಿಲ್ಲ, ನಾಲ್ಕು ಇದ್ದದ್ದನ್ನು ಎಂಟು ಮಾಡಿದರು. ಆಮೇಲೆ ತಪಾಸಣೆಯವರ ಕಡೆ ತಿರುಗಿ, "ಬರ್ಕೊಳ್ಳಿ ಸರ್. ನಾನೇ ಬಿಟ್ಟಿದ್ದು. ಮೇಲೆ ನನ್ನ ತಂಗಿ ಇದ್ದಾಳೆ" ಎಂದರು.

ಸಾಲು ಕರಗತೊಡಗಿತು. ತಂಗಿಯ ರಿಪೋರ್ಟ್ ಹೊರಬಿತ್ತು, ಆಪರೇಷನ್‌ಗೆ ಒಳಗೆ ಕರೆದೊಯ್ದರೆಂದು ಸುದ್ದಿ ಬಂತು. ಇನ್ನು ಕಾಯುವುದೊಂದೇ. ಮೇಡಂ ಕರವಸ್ತ್ರ ಹಿಂಡುತ್ತ ಕೂತರು. ತಪಾಸಣೆಯವರೂ ಲ್ಯಾಪ್‌ಟಾಪ್ ಮುಚ್ಚಿಟ್ಟರು. ಕೊನೆಗೆ ಫೋನ್ ಬಡಿದುಕೊಂಡಾಗ ಮೇಡಂ ಅದನ್ನು ಎತ್ತಲಾರದೆ ನನ್ನ ಕಡೆಗೆ ತಳ್ಳಿದರು.

"ರಕ್ತ ನಿಂತಿದೆಯಂತೆ ಮೇಡಂ. ಕಣ್ಣು ಬಿಟ್ಟಿದ್ದಾರಂತೆ" ಎಂದೆ.

ಮೇಡಂ ಬಿಕ್ಕಿ ಬಿಕ್ಕಿ ಅತ್ತರು. ಮುಖ ಒರೆಸಿಕೊಂಡು, "ಸರ್, ಇನ್ನು ನನ್ನ ಕೆಲಸ ಹೋಗುತ್ತೆ, ಅಲ್ವಾ?" ಎಂದು ಕೇಳಿದರು.

"ಯಾಕಮ್ಮಾ? ಈಗ ನೀವು ಬಳಸ್ತಿರೋದೇ ನಾಲ್ಕು" ಎಂದರು ತಪಾಸಣೆಯವರು. "ಈ ಮಷೀನಲ್ಲಿ ಒಂದೊಂದು ಪ್ರೊಸೆಸರೂ ಪರದೆ ಮೇಲೆ ಎರಡೆರಡಾಗಿ ಕಾಣುತ್ತೆ. ನಾವು ಲೆಕ್ಕ ಹಿಡಿಯೋದು ಒಳಗೆ ನಿಜವಾಗಿ ಇರೋದನ್ನ. ಅಂದ್ರೆ ಇಷ್ಟು ದಿನ ನೀವು ಎರಡರಲ್ಲೇ ಓಡಿಸ್ತಿದ್ರಿ. ಇನ್ನೆರಡು ನಿಮ್ಮವೇ, ಸುಮ್ನೆ ಬಿದ್ದಿದ್ವು. ಒಂದು ಮಾತು ಕೇಳಿದ್ರೆ ಹೇಳ್ತಿದ್ವಲ್ಲ!"

ಕೇಳಿದರೆ ಎಲ್ಲಿ ತಪಾಸಣೆಗೆ ಬಂದುಬಿಡುತ್ತಾರೋ ಎಂಬ ಹೆದರಿಕೆಯಲ್ಲಿ ಮೇಡಂ ಆ ಕಂಪನಿಗೆ ಒಂದು ಫೋನ್ ಕೂಡ ಮಾಡಿದವರಲ್ಲ.

ಬದುಕಿದೆಯಾ ಬಡಜೀವವೇ ಎಂದು ನಗಲು ಹೊರಟವನು ಮೇಡಂ ಮುಖ ನೋಡಿ ತೆಪ್ಪಗಾದೆ. ತಂಗಿಯ ಗಂಡನ ಫೋನ್ ಬಂದಾಗಲೂ ಅದು ಅಷ್ಟು ಬಿಳಿಚಿರಲಿಲ್ಲ. ಎದ್ದು ಹೋಗಿ ಬಾಗಿಲು ತೆರೆದು ನಿಂತರು. ಅಲ್ಲಿಂದ ಲ್ಯಾಬಿನ ಬೆಂಚುಗಳು ನೇರ ಕಾಣುತ್ತವೆ. ಮಧ್ಯಾಹ್ನದ ಊಟಕ್ಕೆ ಮುಂಚೆ ಅವು ಖಾಲಿಯಾಗಿದ್ದನ್ನು ನಾವು ನೋಡಿದ್ದು ಅಂದೇ ಮೊದಲು.

"ಇಷ್ಟು ವರ್ಷ ಇಲ್ಲಿ ಕಾಯ್ತಿದ್ರಲ್ಲ, ಅವ್ರ ಪೈಕಿ ಯಾರಿಗಾದ್ರೂ..." ಎಂದರು.

"ಛೆ, ಹಾಗೇನೂ ಆಗಿರಲ್ಲ ಬಿಡಿ ಮೇಡಂ" ಎಂದೆ. ಆಗಿಲ್ಲವೆಂದು ನನಗೆ ಹೇಗೆ ಗೊತ್ತು? ಅಂದಿನಿಂದ ಅವರನ್ನು ಬೇಲಿ ಮೇಡಂ ಎಂದು ಕರೆಯುವುದನ್ನು ಬಿಟ್ಟಿದ್ದೇನೆ.